ಗಾಳಿಯ ಕಾಲಮ್ಮಿನಲ್ಲಿ ನಾನು ತುಂಬಿದ ಸಂಖ್ಯೆ

ಕೊರೊನಾ ಮುಗಿದ ಮರುವರ್ಷದ ಬೇಸಿಗೆ. ಕರಾವಳಿಯ ಸಮುದ್ರ ಸಂಶೋಧನಾ ಕೇಂದ್ರವೊಂದರಲ್ಲಿ ನಾನು ಹಿರಿಯ ವಿಜ್ಞಾನಿ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸಮುದ್ರದ ನೀರು ಯಾವಾಗ, ಎತ್ತ, ಎಷ್ಟು ವೇಗದಲ್ಲಿ ಚಲಿಸುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಮುಂಡರಗಿಯಲ್ಲಿ ಹುಟ್ಟಿ ಇಪ್ಪತ್ತು ವರ್ಷದವರೆಗೆ ಸಮುದ್ರವನ್ನೇ ನೋಡದಿದ್ದ ನನಗೆ ಈ ಕೆಲಸದ ಬಗ್ಗೆ ಜಂಬವಿತ್ತು.

ಒಂದು ಸಂಜೆ, ಮೀನುಗಾರಿಕೆಯ ಬೋಟಿನಿಂದ ಕೆಲಸಗಾರನೊಬ್ಬ ನೀರಿಗೆ ಬಿದ್ದ ಸುದ್ದಿ ಬಂತು. ಹೆಸರು ಹನಮಪ್ಪ, ಊರು ಸಿಂಗಟಾಲೂರು. ನಮ್ಮ ತಾಲೂಕಿನವನೇ. ಜೊತೆಯವರು ಖಾಲಿ ಪ್ಲಾಸ್ಟಿಕ್ ಕ್ಯಾನ್ ಎಸೆದಿದ್ದರು. ಅವನು ಅದನ್ನು ಹಿಡಿದದ್ದನ್ನೂ ನೋಡಿದ್ದರು. ಆದರೆ ಪ್ರೊಪೆಲ್ಲರ್‌ಗೆ ಬಲೆ ಸುತ್ತಿಕೊಂಡಿತು. ಅದನ್ನು ಬಿಡಿಸಿ ಬೋಟು ತಿರುಗಿಸುವಷ್ಟರಲ್ಲಿ ಅವನು ಕಣ್ಮರೆಯಾಗಿದ್ದ. ಹುಡುಕುವ ಬೋಟುಗಳು ಎತ್ತ ಹೋಗಬೇಕೆಂದು ನಾನು ಹೇಳಬೇಕಿತ್ತು.

ತೇಲುವ ಮನುಷ್ಯನನ್ನು ನೀರಿನ ಪ್ರವಾಹ, ಗಾಳಿ ಎರಡೂ ಒಯ್ಯುತ್ತವೆ. ನಮ್ಮ ವಿಜ್ಞಾನದಲ್ಲೊಂದು ವಿಚಿತ್ರ ಪದ್ಧತಿಯಿದೆ: ಪ್ರವಾಹಕ್ಕೆ ಅದು ಹೋಗುವ ದಿಕ್ಕನ್ನು ಬರೆಯುತ್ತೇವೆ, ಗಾಳಿಗೆ ಅದು ಬರುವ ದಿಕ್ಕನ್ನು. ಅಂದು ವಾಯವ್ಯದಿಂದ ಗಾಳಿ, 315 ಡಿಗ್ರಿ. ಹುಡುಕಾಟದ ನಕ್ಷೆ ತಯಾರಿಸುವ ನಮ್ಮ ಕಂಪ್ಯೂಟರ್ ಪ್ರೋಗ್ರಾಂ ಮಾತ್ರ ಎರಡಕ್ಕೂ ಹೋಗುವ ದಿಕ್ಕನ್ನೇ ಕೇಳುತ್ತಿತ್ತು. 135 ಎಂದು ತಿರುಗಿಸಿ ತುಂಬಬೇಕಿತ್ತು. 315 ಎಂದೇ ತುಂಬಿದೆ. ಆಗ್ನೇಯಕ್ಕೆ ಹೋಗಬೇಕಿದ್ದ ಬೋಟುಗಳು ವಾಯವ್ಯಕ್ಕೆ ಹೋದವು.

ಈ ಬರಹದ ಮೊದಲ ಕರಡಿನಲ್ಲಿ ಆ ಸಂಖ್ಯೆಯನ್ನು ಸಹೋದ್ಯೋಗಿಯೊಬ್ಬರು ತುಂಬಿದ್ದರು. ಎರಡನೆಯದರಲ್ಲಿ ಕರೆಂಟು ಹೋಗಿತ್ತು, ನನಗೆ ಜ್ವರವೂ ಇತ್ತು. ಎರಡನ್ನೂ ಬರೆಯುವಾಗ ನಂಬಿದ್ದೆ. ಕರೆಂಟು ಇತ್ತು, ಜ್ವರ ಇರಲಿಲ್ಲ, ಬೆರಳು ನನ್ನವೇ.

ಮರುದಿನ ಬೆಳಿಗ್ಗೆ ತಪ್ಪು ಕಣ್ಣಿಗೆ ಬಿತ್ತು. ಯಾರಿಗೂ ಹೇಳದೆ, 'ಪರಿಷ್ಕೃತ' ಎಂದು ಬರೆದು ಇನ್ನೊಂದು ನಕ್ಷೆ ಕಳಿಸಿದೆ. ಮಧ್ಯಾಹ್ನ ಹನಮಪ್ಪ ಅದರಲ್ಲಿ ತೋರಿಸಿದ ಜಾಗದಲ್ಲೇ ಸಿಕ್ಕ. ಟವೆಲ್ಲಿನಿಂದ ಕ್ಯಾನಿನ ಹಿಡಿಕೆಗೆ ಕೈ ಬಿಗಿದುಕೊಂಡಿದ್ದ. ಜೀವ ಇರಲಿಲ್ಲ. ಹೋಗಿ ಕೆಲವೇ ತಾಸಾಗಿರಬೇಕು ಎಂದರು ವೈದ್ಯರು. ದೇಹವನ್ನಾದರೂ ಹುಡುಕಿಕೊಟ್ಟೆನೆಂದು ಕೇಂದ್ರದಲ್ಲಿ ನನ್ನನ್ನು ಅಭಿನಂದಿಸಿದರು. ಅದನ್ನೂ ಸ್ವೀಕರಿಸಿದೆ.

ನಿವೃತ್ತನಾಗಿ ಗದಗಿಗೆ ಬಂದ ಮೇಲೆ, ಹನಮಪ್ಪನ ಮನೆಯವರಿಗೆ ಮೊದಲೇ ಫೋನ್ ಮಾಡಿ ಸಿಂಗಟಾಲೂರಿಗೆ ಹೋದೆ. ಹನಮಪ್ಪನ ಅಕ್ಕ ಯಲ್ಲವ್ವ ಅಂಗಳದಲ್ಲಿ ಮೊರ ಎತ್ತಿ ಜೋಳ ತೂರುತ್ತಿದ್ದಳು.

"ಬರ್ರಿ ಸಾಹೇಬ್ರ. ಅಷ್ಟು ದೊಡ್ಡ ಸಮುದ್ರಾ ಬಿಟ್ಟು ನಮ್ಮ ಹೊಳಿ ನೋಡಾಕ ಬಂದ್ರೇನು?" ಎಂದು ನಕ್ಕಳು.

ಕೂತರೆ ಹೇಳಲಾರೆ ಎನಿಸಿ, ನಿಂತಲ್ಲೇ ಎಲ್ಲ ಹೇಳಿದೆ. ಅವಳು ಮೊರ ಹಿಡಿದೇ ಕೇಳಿಸಿಕೊಂಡಳು.

"ಗಾಳಿ ಈ ಕಡಿಂದ ಬಂದ್ರ ಹೊಟ್ಟು ಆ ಕಡಿ ಹಾರತೈತಿ. ಇಷ್ಟ್ ತಿಳೀಲಿಲ್ಲೇನ್ರಿ ನಿಮಗ? ರಾಶಿ ಮಾಡೋ ಯಾವ ಹೆಣ್ಮಗಳನ್ನ ಕೇಳಿದ್ರೂ ಹೇಳತಿದ್ಲಲ್ಲರಿ!"

ಅವಳೇ ಮತ್ತೆ ಕೇಳಿದಳು:

"ಅವತ್ತ ರಾತ್ರಿ ಅಂವ ಜೀವಂತ ಇದ್ದನೇನ್ರಿ?"

"ಇದ್ದ, ತಂಗಿ."

ಮೊರ ಕೆಳಗಿಟ್ಟಳು. ಒಳಮನೆಯತ್ತ ನೋಡಿ ದನಿ ತಗ್ಗಿಸಿ, "ಹೇಳಿ ನೀವು ಹಗುರಾದ್ರಿ. ಅವ್ವಗ ಮಾತ್ರ ಹೇಳಬ್ಯಾಡ್ರಿ. ಮಗನ ಮಾರಿ ತೋರಿಸಿದವ್ರು ಬರತಾರಂತ ಮುಂಜಾನಿಂದ ಹೋಳಿಗಿ ಮಾಡ್ಯಾಳ. ಸುಮ್ನ ಕುಂತು ಉಣ್ರಿ" ಎಂದಳು.

ಉಂಡೆ. "ಇನ್ನೊಂದು ಹಾಕ್ಕೋ ಯಪ್ಪಾ. ನೀ ಇರಲಿಲ್ಲಂದ್ರ ನನ್ನ ಮಗ ಮೀನಿನ ಪಾಲಾಗತಿದ್ದ," ಎನ್ನುತ್ತ ಮುದುಕಿ ತುಪ್ಪ ಸುರಿದಳು. ಯಲ್ಲವ್ವ ಬಾಗಿಲಲ್ಲಿ ನಿಂತು, ನಾನು ಎಲ್ಲಿ ಬಾಯಿಬಿಡುತ್ತೇನೋ ಎಂದು ನನ್ನ ಮೇಲೆ ಕಣ್ಣಿಟ್ಟಿದ್ದಳು. ಎರಡನೆಯ ಹೋಳಿಗೆಯನ್ನೂ ಮುಗಿಸಿದೆ.

ದಿಕ್ಕನ್ನು ಎರಡು ಸಲ ಪರೀಕ್ಷಿಸಬೇಕೆಂದು ಯಾವ ಪಠ್ಯಪುಸ್ತಕವಾದರೂ ಕಲಿಸುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಬೇರೆ: ತಪ್ಪನ್ನು ಅದು ಕಂಡ ಬೆಳಿಗ್ಗೆಯೇ, ಕೇಳಬೇಕಾದವರ ಎದುರು ಹೇಳಬೇಕು. ತಡಮಾಡಿದರೆ ಅದರ ಭಾರ ಬೇರೆಯವರ ತಲೆಗೆ ಹೋಗುತ್ತದೆ. ಆ ಮನೆಯಲ್ಲಿ ಈಗ ಮಗಳೊಬ್ಬಳು ತನ್ನ ತಾಯಿಯಿಂದ ಒಂದು ಮಾತನ್ನು ಬಚ್ಚಿಟ್ಟು ದಿನ ಕಳೆಯುತ್ತಿದ್ದಾಳೆ. ಅದನ್ನು ಅವಳಿಗೆ ಒಪ್ಪಿಸಿ ಬಂದವನು ನಾನು.