ಮಾರಿಕುಪ್ಪಂನಲ್ಲಿ ಫುಲ್‌ಬ್ಯಾಕ್

ಮಾರಿಕುಪ್ಪಂಗೆ ಬಂದ ಮರುದಿನ ಬೆಳಿಗ್ಗೆ ಉಣ್ಣುತ್ತಾ ಕೂತಿದ್ದಾಗ ನೆಲ ಅದುರಿತು. ಗೂಡಿನ ಪಾತ್ರೆಗಳು ಗಲಗಲ ಅಂದವು, ನನ್ನ ತಟ್ಟೆ ಒಂದು ಗೇಣು ಆಚೆ ಸರಿಯಿತು. ನಾನು ಎದ್ದು ಬೀದಿಗೆ ಓಡಿದೆ. ನಲ್ಲಿಯ ಹತ್ತಿರ ಕೊಡ ಹಿಡಿದಿದ್ದ ಹೆಂಗಸರು ನಿಂತಲ್ಲೇ ನಿಂತು ಚಿನ್ನದ ಗಣಿಯ ಕಡೆ ಕಿವಿಗೊಟ್ಟಿದ್ದರು. ಸ್ವಲ್ಪ ಹೊತ್ತಿಗೆ ಅವರ ಮಾತು ಮತ್ತೆ ಶುರುವಾಯಿತು. ಓಡಿ ಬಂದವನು ನಾನೊಬ್ಬನೇ.

"ಏರ್ ಬ್ಲಾಸ್ಟ್, ತಂಬಿ. ಕೆಳಗೆ ಬಂಡೆ ಒಡೀತು ಅಷ್ಟೇ. ನೀ ಸಾಪ್ಪಿಡು," ಅಂದರು ಮನೆಯೊಡತಿ ಕನ್ನಿಯಮ್ಮಕ್ಕ. ತಂಬಿ ಅಂದರೆ ತಮ್ಮ, ಸಾಪ್ಪಿಡು ಅಂದರೆ ಉಣ್ಣು. ನಾನು ಕಲಿತ ಮೊದಲ ತಮಿಳು ಅದು.

ಬೂದಿಕೋಟೆಯಿಂದ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು. ಅರ್ಧ ದಿನದ ದಾರಿ ಕೂಡ ಅಲ್ಲ. ಆದರೂ ಬೇರೆ ದೇಶಕ್ಕೆ ಬಂದಂತಿತ್ತು. ನಮ್ಮೂರಲ್ಲಿ ನೆಲವನ್ನು ಉಳುತ್ತೇವೆ, ಇಲ್ಲಿ ಅದರೊಳಗೆ ಇಳಿಯುತ್ತಾರೆ. ನಮ್ಮಲ್ಲಿ ಮಣ್ಣಿನ ಗೋಡೆ, ಇಲ್ಲಿ ಸಾಲುಸಾಲು ಬಿದಿರು ತಟ್ಟಿಯ ಮನೆಗಳು, ಆ ಸಾಲಿಗೆ ಲೈನ್ ಅನ್ನುತ್ತಾರೆ. ಪಕ್ಕದ ಮನೆಯವನು ಕೆಮ್ಮಿದರೆ ನಾವು ನೀರು ಕೊಡಬೇಕು ಅನ್ನಿಸುವಷ್ಟು ಹತ್ತಿರ. ಮುದ್ದೆ ಮಾತ್ರ ಅದೇ, ಇವರು ಕಳಿ ಅನ್ನುತ್ತಾರೆ.

ನನ್ನನ್ನು ಅಲ್ಲಿಗೆ ತಂದದ್ದು ನನ್ನ ಕಾಲು. ಐವತ್ತರ ದಶಕ ಮುಗಿಯುತ್ತಿದ್ದಾಗ ಬಂಗಾರಪೇಟೆ ಮೈದಾನದಲ್ಲಿ ನಾನು ಚೆಂಡು ಒದೆಯುವುದನ್ನು ನೋಡಿ ಗಣಿಯ ಒಂದು ಫುಟ್‌ಬಾಲ್ ತಂಡದವರು ಕರೆದರು. ತಂಡದಲ್ಲಿ ಇರುವವರೆಗೆ ನೆಲದ ಮೇಲಿನ ಕೆಲಸ. ನನ್ನನ್ನು ದೀಪದ ಕೋಣೆಗೆ ಹಾಕಿದರು. ಇಳಿಯುವವರಿಗೆ ದೀಪ ಕೊಡುವುದು, ಹತ್ತಿ ಬಂದವರಿಂದ ಪಡೆಯುವುದು. ತಂಡದಿಂದ ಬಿದ್ದವನು ಆ ದೀಪ ಹಿಡಿದು ತಾನೇ ಇಳಿಯಬೇಕು. ಕಿಟಕಿಯಿಂದ ದೀಪ ಚಾಚುವಾಗ ನಾನು ಗಣಿಯ ಬಾಯಿಯ ಕಡೆ ನೋಡುತ್ತಲೇ ಇರಲಿಲ್ಲ.

ಕನ್ನಿಯಮ್ಮಕ್ಕನ ಗಂಡ ಏಳುಮಲೈ ನಮ್ಮ ತಂಡದ ನಡುವಿನ ಬ್ಯಾಕ್. ಹತ್ತು ವರ್ಷ ಗಣಿಯೊಳಗೆ ದುಡಿದು, ಆಟದ ದೆಸೆಯಿಂದ ಮೇಲೆ ಬಂದಿದ್ದವನು. ಇರಲು ಜಾಗವಿಲ್ಲದ ನನ್ನನ್ನು ಮನೆಯಲ್ಲೇ ಇರಿಸಿಕೊಂಡ. ಊರಿಗೆ ಹೋದಾಗ ಅಮ್ಮ, "ಯಾರ ಮನೇಲಿ ಉಣ್ತೀಯಲಾ ಅಲ್ಲಿ? ಯಾವ ಜನ ಅವ್ರು?" ಅಂತ ಕೇಳಿದಳು. "ಓಟ್ಲಾಗೆ ಕಣಮ್ಮ," ಅಂದೆ. ಆ ಮನೆಯ ಅನ್ನ ನನ್ನ ಮೈಗೆ ಹಿಡಿದಿತ್ತು, ಬಾಯಿಗೆ ಮಾತ್ರ ಅದನ್ನು ಹೇಳಲು ಧೈರ್ಯವಿರಲಿಲ್ಲ.

ತಂಡ ಸೋಲುತ್ತಲೇ ಇತ್ತು. ಆಗ ಸೈನ್ಯದಿಂದ ಬಂದ ಒಬ್ಬ ಕೋಚ್‌ನನ್ನು ನೇಮಿಸಿದರು. ಅಲ್ಲಿಯವರೆಗೆ ನಾವು ಎದುರಾಳಿಗಳನ್ನು ತಲೆಗೊಬ್ಬನಂತೆ ಹಂಚಿಕೊಂಡು, ಅವನು ಹೋದಲ್ಲಿ ಹೋಗುತ್ತಿದ್ದೆವು. ಕೋಚ್ ಮೂರು ಕಲ್ಲುಗಳನ್ನು ಸಾಲಾಗಿ ಇಟ್ಟು ತೋರಿಸಿದರು: ಮೂವರು ಬ್ಯಾಕ್‌ಗಳದು ಒಂದೇ ಸಾಲು. ಏಳುಮಲೈ "ಪೋ" ಅಂದ ಕೂಡಲೇ ಮೂವರೂ ಒಟ್ಟಿಗೆ ಮುಂದೆ ಓಡಬೇಕು. ಎದುರಾಳಿ ನಮ್ಮ ಹಿಂದೆ ಒಂಟಿಯಾಗಿ ಉಳಿದರೆ ಆಫ್‌ಸೈಡ್, ಅವನು ಹೊಡೆದ ಗೋಲು ಲೆಕ್ಕಕ್ಕಿಲ್ಲ. ಒಬ್ಬ ಹಿಂದೆ ಉಳಿದರೂ ಎಲ್ಲಾ ಕೆಟ್ಟಿತು. ಮೊದಮೊದಲು ಮುಂಚಿಗಿಂತ ಹೆಚ್ಚು ಗೋಲು ತಿಂದೆವು. ಆಮೇಲೆ ಸತತ ಎರಡು ಪಂದ್ಯದಲ್ಲಿ ಒಂದೂ ತಿನ್ನಲಿಲ್ಲ. ಆ ಸಂಜೆ ಲೈನಿನ ಜನ ನನ್ನನ್ನೂ ಹೆಗಲ ಮೇಲೆ ಹೊತ್ತರು. ಇದು ನನ್ನ ಊರೇ ಅನ್ನಿಸಿತು.

ಮೂರನೆಯ ಪಂದ್ಯದಲ್ಲಿ, ಆಟ ಮುಗಿಯಲು ಸ್ವಲ್ಪವೇ ಇದ್ದಾಗ, ಏಳುಮಲೈ "ಪೋ" ಅಂದ. ಸ್ಪಷ್ಟವಾಗಿ ಕೇಳಿಸಿತು. ನನ್ನ ಪಕ್ಕದಲ್ಲಿದ್ದ ಎದುರಾಳಿಯನ್ನು ಬಿಟ್ಟು ಹೋಗಲು ಹೆದರಿದೆ. ಅವನು ಗೋಲು ಹೊಡೆದರೆ ದೂರು ನನ್ನ ಮೇಲೆ, ಆಮೇಲೆ ನಾನು ಗಣಿಯೊಳಗೆ. ನಿಂತುಬಿಟ್ಟೆ. ಉಳಿದಿಬ್ಬರು ಮುಂದೆ ಓಡಿ ಕೈ ಎತ್ತಿದರು. ನಾನು ಹಿಂದಿದ್ದುದರಿಂದ ಆಫ್‌ಸೈಡ್ ಆಗಲಿಲ್ಲ. ಚೆಂಡು ನನ್ನ ತಲೆಯ ಮೇಲಿಂದ ಹಾದು ಅವನ ಕಾಲಿಗೆ ಬಿತ್ತು, ಅಲ್ಲಿಂದ ಗೋಲಿಗೆ.

"ಏಳುಮಲೈ, ನೀನು ಕೂಗಿದೆಯಾ?" ಅಂತ ಕೇಳಿದರು ಕೋಚ್.

"ಕೂಗ್ದೆ ಸಾರ್."

ನನ್ನ ಕಡೆ ತಿರುಗಿದರು. "ನಿನಗೆ ಕೇಳಿಸಿತಾ?"

"ಇಲ್ಲ ಸಾರ್," ಅಂದೆ.

ಏಳುಮಲೈ ನನ್ನ ಮುಖ ನೋಡಿ, ಚೆಂಡು ಎತ್ತಿಕೊಂಡು ಆಚೆ ಹೋದ. ಎಡಗಡೆಯ ಬ್ಯಾಕ್ ಕೂಗು ಕೇಳಿಸಿತು ಅಂದ. ಅವನು ಏಳುಮಲೈಯ ಭಾವಮೈದ, ಹಾಗಾಗಿ ಕೋಚ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೂಗದೆ ಸಾಲು ಕೆಡಿಸಿದ ಅಂತ ಆ ವಾರವೇ ಏಳುಮಲೈಯನ್ನು ತಂಡದಿಂದ ತೆಗೆದರು. ಸೋಮವಾರ ಅವನು ದೀಪದ ಕೋಣೆಯ ಕಿಟಕಿಗೆ ಬಂದ. ದೀಪ ಕೊಟ್ಟವನು ನಾನೇ.

ಹದಿನೈದು ದಿನ ತಾಳಿದೆ. ಕೊನೆಗೆ ಒಂದು ಭಾನುವಾರ ಊಟಕ್ಕೆ ಕೂತಾಗ, "ಅಣ್ಣಾ, ಅವತ್ತು ನೀನು ಕೂಗಿದ್ದು ನಂಗೆ ಕೇಳಿಸ್ತು," ಅಂದೆ.

"ತೆರಿಯುಂ, ತಂಬಿ," ಅಂದ. ಗೊತ್ತು ಅಂತ. "ನಾ ಬಾಯ್ಬಿಟ್ಟಿದ್ರೆ ನಿನ್ನ ಇಳಿಸ್ತಿದ್ರು. ನಂಗೆ ಕೆಳಗಿನ ದಾರಿ ಗೊತ್ತು. ನೀನು ಒಂದು ವಾರ ತಾಳಲ್ಲ."

ಕನ್ನಿಯಮ್ಮಕ್ಕ ತಲೆ ಎತ್ತದೆ ನನ್ನ ತಟ್ಟೆಗೆ ಕಳಿ ಹಾಕಿದರು. ಅಂದು ಕೂಡ ನಾನು ಉಂಡೆ. ಮರುದಿನ ಕೋಚ್ ಹತ್ತಿರ ಹೋಗಿ ನಿಜ ಹೇಳಬಹುದಿತ್ತು. ಮೈದಾನದ ಅಂಚಿನವರೆಗೆ ಹೋಗಿ ವಾಪಸು ಬಂದೆ. ಇದನ್ನು ಬರೆಯುವಾಗ ಈಗಲೂ ತಲೆ ತಗ್ಗುತ್ತದೆ.

ಇದಾಗಿ ಐದು ವರ್ಷ. ಏಳುಮಲೈ ಈಗಲೂ ಇಳಿಯುತ್ತಾನೆ, ನಾನು ಈಗಲೂ ದೀಪದ ಕೋಣೆಯಲ್ಲಿದ್ದೇನೆ. ಲೈನಿನಲ್ಲಿ ನನ್ನನ್ನು "ಬೂದಿಕೋಟೆ" ಅಂತಲೇ ಕರೆಯುತ್ತಾರೆ. ಊರಿಗೆ ಹೋದರೆ, ಬಸ್ಸಿಳಿದ ಕೂಡಲೇ ಯಾರಾದರೊಬ್ಬರು, "ಗಣಿಯೋನು ಬಂದ ಕಣ್ಲಾ," ಅನ್ನುತ್ತಾರೆ. ನಾನು ನಕ್ಕು ಮುಂದೆ ನಡೆಯುತ್ತೇನೆ. ಒಂದು ದಿನವೂ ನಾನು ಗಣಿಗೆ ಇಳಿದಿಲ್ಲ ಅಂತ ಅವರಿಗೆ ಯಾರೂ ಹೇಳಿಲ್ಲ.