ಪೀಸಿಯಲ್ಲಿ ಓಡಿತು, ತಕ್ಕಡಿಯಲ್ಲಿ ನಿಂತಿತು

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೈಕುಲ್ಲಾದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ತಯಾರಿಸುತ್ತಿದ್ದ ಸಣ್ಣ ಕಂಪನಿಯೊಂದರಲ್ಲಿ ನಾನು ಇನ್ನೂ ಖಾಯಂ ಆಗದ ಇಂಜಿನಿಯರ್. ಶನಿವಾರ ಗಿರಾಕಿಯ ಮುಂದೆ ಹೊಸ ತಕ್ಕಡಿ ನಡೆದರೆ ಖಾಯಂ. ಇಲ್ಲವಾದರೆ ಬೊರಿವಲಿಯ ಮನೆಯಲ್ಲಿ ಕೂತು ಅಪ್ಪ ತರುವ ಜಾತಕಗಳನ್ನು ನೋಡುವ ಕೆಲಸ.

ನಾನು ಬರೆದದ್ದು ಇಂಟರ್‌ಪ್ರಿಟರ್. ತೂಕದ ಲೆಕ್ಕವನ್ನು ಪುಟ್ಟ ಸಂಕೇತಗಳಲ್ಲಿ ಕೊಟ್ಟರೆ ಒಂದೊಂದಾಗಿ ಓದಿ ನಡೆಸುವ ಪ್ರೋಗ್ರಾಂ. ಪೀಸಿಯಲ್ಲಿ ಬರೆದು, ತಕ್ಕಡಿಯೊಳಗಿನ ಬೇರೆ ಜಾತಿಯ ಪ್ರೊಸೆಸರಿನ ಭಾಷೆಗೆ ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಂನಿಂದ ತಿರುಗಿಸಿ, ಮೆಮರಿ ಚಿಪ್ಪಿಗೆ ತುಂಬಬೇಕು. ಪೀಸಿಯಲ್ಲಿ ಅದು ಕುದುರೆಯಂತೆ ಓಡಿತು. ತಕ್ಕಡಿಯಲ್ಲಿ ಸೊನ್ನೆ ತೋರಿಸಿ ನಿಂತುಬಿಟ್ಟಿತು.

ನನ್ನ ಮೇಲಿದ್ದ ಹಿರಿಯ ಇಂಜಿನಿಯರ್ ಮೈಸೂರು ಕಡೆಯವರು. ದಿನಕ್ಕೊಂದು ಅಪರಾಧಿಯನ್ನು ಹಿಡಿಯುತ್ತಿದ್ದರು.

"ಕಂಪೈಲರ್ರೇ ಸರಿಯಿಲ್ಲ ಕಣಮ್ಮಾ."

"ನಿನ್ನೆ ನನ್ನ ಕೋಡ್ ಸರಿಯಿಲ್ಲ ಅಂದ್ರಲ್ಲ ಸಾರ್?"

"ಅದು ನಿನ್ನೆ."

ಮೂರು ದಿನ ಮಾರುದ್ದದ ಪ್ರಿಂಟೌಟುಗಳನ್ನು ಹರಡಿಕೊಂಡು ಪ್ರತಿ ಬೈಟನ್ನೂ ಪಾಟೀಸವಾಲಿಗೆ ಒಳಪಡಿಸಿದೆ. ಎಲ್ಲವನ್ನೂ ಸಂಶಯಿಸು ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೇಜು ಗುದ್ದಿದವಳು ನಾನು. ಒಂದನ್ನು ಮಾತ್ರ ಸಂಶಯಿಸಲಿಲ್ಲ. ಹಳೆಯ ಚಿಪ್ಪನ್ನು ನೇರಳಾತೀತ ದೀಪದ ಕೆಳಗಿಟ್ಟು ಅಳಿಸಿ ಮತ್ತೆ ಬಳಸುತ್ತಿದ್ದೆವು. ಅಳಿಸಿದ ಮೇಲೆ ಅದು ನಿಜಕ್ಕೂ ಖಾಲಿಯಾಗಿದೆಯೇ ಎಂದು ಪರೀಕ್ಷಿಸುವುದು "ಟೈಮ್ ವೇಸ್ಟು" ಎಂದು ಹಿರಿಯರು ಅಪ್ಪಣೆ ಕೊಡಿಸಿದ್ದರು. ನಂಬಿದ್ದೆ.

ಶುಕ್ರವಾರ, ಬೇರೇನೂ ಉಳಿಯದೆ, ಆ ಪರೀಕ್ಷೆ ಮಾಡಿದೆ. ಅಳಿಸಿದ ಮೇಲೂ ಚಿಪ್ಪು ಖಾಲಿಯಿರಲಿಲ್ಲ; ಇಷ್ಟು ದಿನ ಹಳೆಯದರ ಮೇಲೇ ಹೊಸದನ್ನು ತುಂಬಿದ್ದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಮೇಲೊಂದು ಕೆಂಪು ಬೊಟ್ಟು.

"ಸಾರ್, ಇದಕ್ಕೆ ಕುಂಕುಮ ಇಟ್ಟಿದ್ದು ಯಾರು?"

"ಹೋದ ವಾರ ಆಯುಧಪೂಜೆ ಅಲ್ವೇನಮ್ಮಾ? ನಾನೇ ಇಟ್ಟೆ. ಸರಿಯಾಗಿ ನಡುಮಧ್ಯಕ್ಕೆ."

"ನಡುಮಧ್ಯದಲ್ಲೇ ಗಾಜಿನ ಕಿಟಕಿ ಇರೋದು ಸಾರ್. ಬೆಳಕು ಒಳಗೆ ಹೋಗಿ ಹಳೇದು ಅಳಿಸಬೇಕಾದ್ದು ಅಲ್ಲಿಂದಾನೇ."

"ಅಂದ್ರೆ ಕುಂಕುಮದಿಂದ ಕೆಟ್ಟಿತು ಅಂತೀಯಾ?"

"ಹಣೆಗಿಟ್ಟಿದ್ರೆ ಕೆಡ್ತಿರ್ಲಿಲ್ಲ. ನೀವು ಕಣ್ಣಿಗಿಟ್ರಿ."

ಅವರು ನಗಲಿಲ್ಲ. ನಾನು ಸ್ಪಿರಿಟ್ಟಿನಲ್ಲಿ ಬೊಟ್ಟು ಒರೆಸಿ, ಅಳಿಸಿ, ಖಾಲಿಯೆಂದು ಖಚಿತಪಡಿಸಿಕೊಂಡು ಮತ್ತೆ ತುಂಬಿದೆ. ಒಂದಕ್ಷರವೂ ಬದಲಾಗದ ಅದೇ ಪ್ರೋಗ್ರಾಂ ಎದ್ದು ಓಡಿತು. ಶನಿವಾರ ಗಿರಾಕಿ ತನ್ನ ಈರುಳ್ಳಿಯನ್ನೇ ತಂದು ತೂಗಿ, ತಲೆಯಾಡಿಸಿ ಹೋದ.

ಅವನು ಮೆಟ್ಟಿಲಿಳಿಯುವ ಮೊದಲೇ ಹಿರಿಯರು ದೋಷಗಳ ರಿಜಿಸ್ಟರ್ ನನ್ನ ಮುಂದೆ ಸರಿಸಿದರು. ಕಾರಣದ ಕಾಲಮ್ಮಿನಲ್ಲಿ ಮುತ್ತಿನಂಥ ಅಕ್ಷರ: ಕಂಪೈಲರ್ ದೋಷ, ಸರಿಪಡಿಸಲಾಗಿದೆ.

"ಇದು ಸುಳ್ಳು ಸಾರ್."

"ಹೌದಮ್ಮಾ. ನಿನ್ನನ್ನ ಖಾಯಂ ಮಾಡೋ ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲ, ಅದೂ ನಿಜ. ಮೊದಲು ಯಾರು ಹಾಕೋಣ?"

ಕಂಪೈಲರಿಗೆ ತನ್ನ ಪರ ವಾದಿಸಲು ಬಾಯಿರಲಿಲ್ಲ. ನನಗಿತ್ತು. ಮುಚ್ಚಿಕೊಂಡು ಮೊದಲು ನಾನೇ ಸಹಿ ಹಾಕಿದೆ.