ಶಟರಿನ ಮೇಲಿನ ಆರು ಬಣ್ಣ

ಗೆರೆಯಪ್ಪನನ್ನು ನಾನು ಮೊದಲು ಕಂಡ ದಿನ ಅವನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ನಮ್ಮ ಶಾಲೆಯ ಕಾಂಪೌಂಡಿನ ಮೇಲೆ ಹೆಸರು ಬರೆಯಲು ಬಂದಿದ್ದ ಪೇಂಟರ್ ಅವನು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಇಬ್ಬರು ದಾಂಡಿಗರು ಅವನನ್ನು ಅದೇ ಗೋಡೆಗೆ ಒತ್ತಿ ಹಿಡಿದು ಗುದ್ದುತ್ತಿದ್ದರು. ಕಾರಣ, ಅವನ ಬಣ್ಣದ ಪೆಟ್ಟಿಗೆ. ಅದರ ಮುಚ್ಚಳದ ಮೇಲೆ ಆರು ಬಣ್ಣದ ಪಟ್ಟೆಗಳ ಪ್ರೈಡ್ ಬಾವುಟವನ್ನು ಬರೆದುಕೊಂಡಿದ್ದ. ಗಂಡನ್ನು ಮೆಚ್ಚುವ ಗಂಡು, ಹೆಣ್ಣನ್ನು ಮೆಚ್ಚುವ ಹೆಣ್ಣು, ಇಂಥವರೆಲ್ಲ ತಲೆಯೆತ್ತಿ ಹಿಡಿಯುವ ಬಾವುಟ ಅದು.

ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಗಂಟಲು ಅಂದು ಉಪಯೋಗಕ್ಕೆ ಬಂತು. ದಾಂಡಿಗರು ಕಾಲುಕಿತ್ತರು. ಇವನು ತೋಳಿನಿಂದ ಮೂಗು ಒರೆಸಿಕೊಂಡು, "ಗೋಡೆ ಮೇಲೆ ಕೆಂಪು ಬಿದ್ದಿದೆ ಮೇಷ್ಟ್ರೇ. ನಾಳೆ ಇನ್ನೊಂದು ಕೋಟ್ ಹೊಡೆದುಕೊಡ್ತೀನಿ ಬಿಡಿ" ಎಂದ.

ಸ್ಕೇಲು ಮುಟ್ಟದೆ ನೇರ ಗೆರೆ ಎಳೆಯುತ್ತಿದ್ದುದರಿಂದ ಜೊತೆಯ ಪೇಂಟರುಗಳು ಇಟ್ಟ ಹೆಸರು ಗೆರೆಯಪ್ಪ. ಬಾವುಟವನ್ನು ಅವನು ಇದ್ದಂತೆಯೇ ನಕಲು ಮಾಡಿದವನಲ್ಲ. ಅವನ ಡ್ರಾಯಿಂಗ್ ಪುಸ್ತಕಗಳ ತುಂಬ ಅವನದೇ ಬಾವುಟಗಳು. ಒಂದರಲ್ಲಿ ಪಟ್ಟೆಗಳನ್ನು ಚಾಪೆಯಂತೆ ಹೆಣೆದಿದ್ದ. ಇನ್ನೊಂದರಲ್ಲಿ ತಂತಿಯ ಮೇಲೆ ಒಣಹಾಕಿದ ಆರು ಅಂಗಿಗಳೇ ಬಾವುಟವಾಗಿದ್ದವು.

"ಬಾಯಲ್ಲಿ ಹೇಳೋಕೆ ಹೋದ್ರೆ ಹಲ್ಲು ಉದುರಿಸ್ತಾರೆ ಮೇಷ್ಟ್ರೇ. ಅದಕ್ಕೇ ಬರೀತೀನಿ."

"ಬರೆದರೂ ಉದುರಿಸ್ತಾರಲ್ಲಪ್ಪ?"

"ಉದುರಿಸ್ಲಿ. ಬರೆಯೋ ಕೈ ಇದೆಯಲ್ಲ."

ಆ ಕೈಗೇ ಸಂಚಕಾರ ಬಂತು.

ಅವನ ಅಣ್ಣನದು ಸೈಕಲ್ ಅಂಗಡಿ. ರಜೆಯ ದಿನ ಶಟರಿಗೆ ಬೂದು ಬಣ್ಣ ಹೊಡೆದಿಡು ಎಂದು ತಮ್ಮನಿಗೆ ಹೇಳಿ ಹೋದ. ಕಬ್ಬಿಣದ ಶಟರಿನಲ್ಲಿ ಅಡ್ಡಡ್ಡ ಮಡಿಕೆಗಳು ಇರುತ್ತವೆಯಷ್ಟೆ; ಪಟ್ಟೆ ಬರೆಯುವವನಿಗೆ ಗೆರೆ ಎಳೆದಿಟ್ಟ ಹಾಳೆಯಿದ್ದಂತೆ. ಗೆರೆಯಪ್ಪನಿಗೆ ಆಸೆ ತಡೆಯಲಿಲ್ಲ. ಒಂದು ಸಲ ಬರೆದು, ಕಣ್ತುಂಬ ನೋಡಿ, ಆರಿದ ಮೇಲೆ ಬೂದು ಬಳಿದುಬಿಟ್ಟರಾಯಿತು ಎಂದುಕೊಂಡ. ಶಟರು ಬರೆಯುವವರಲ್ಲಿ ಒಂದು ಕಟ್ಟುಪಾಡುಂಟು: ಬ್ರಷ್ಷು ಹಿಡಿಯುವ ಮೊದಲು ಎರಡೂ ಬದಿಯ ಬೀಗ ಹಾಕಿ ಬೀಗದಕೈಯನ್ನು ಜೇಬಿಗಿಳಿಸಬೇಕು. ಬಣ್ಣ ಹಸಿಯಿರುವಾಗ ಶಟರನ್ನು ಯಾರೂ ಎತ್ತಬಾರದು. ಅಂದು ಅವನು ಬೀಗ ಮರೆತ. ಬರೆದು ಮುಗಿಸಿ, ರಸ್ತೆಯ ಆಚೆ ನಿಂತು ತನ್ನ ಬಾವುಟವನ್ನು ನೋಡುತ್ತ ಮೈಮರೆತ.

ಅಷ್ಟರಲ್ಲಿ ಅಣ್ಣ ಗಿರಾಕಿಯೊಬ್ಬನಿಗೆ ಟಯರು ಕೊಡಲೆಂದು ಬಂದ. ನೋಡಿದ. ಬೀದಿಯ ಕಣ್ಣಿಗೆ ಬೀಳದಿರಲೆಂದು ಎರಡೂ ಅಂಗೈಯೂರಿ ಶಟರನ್ನು ಮೇಲಕ್ಕೆ ತಳ್ಳಿದ. ಬೀಗವಿಲ್ಲದ ಶಟರು ಗಡಗಡನೆ ಏರಿತು. ಹಸಿ ಬಣ್ಣ ಅವನ ಕೈಗೆ, ಅಂಗಿಗೆ, ಗದ್ದಕ್ಕೆಲ್ಲ ಮೆತ್ತಿಕೊಂಡಿತು.

ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಣ್ಣಾ, ತಮ್ಮನ ಪಕ್ಷಕ್ಕೆ ನೀನೂ ಸೇರಿದ್ಯಾ?"

ಆ ಒಂದು ಮಾತು ಸಾಕಾಯಿತು. ಅಣ್ಣ ತಮ್ಮನ ಕತ್ತಿನಪಟ್ಟಿ ಹಿಡಿದು ದರದರನೆ ಎಳೆತಂದು, ಗಾಳಿ ಹೊಡೆಯುವ ಪಂಪಿನಿಂದ ಬೆನ್ನಿಗೂ ಮೊಣಕಾಲಿಗೂ ಬಾರಿಸಿದ.

"ಯಾವ ಕೈಯಲ್ಲಿ ಬರೆದ್ಯೋ?"

"ಬಿಡಣ್ಣಾ, ಬೂದು ಹೊಡೆದುಬಿಡ್ತೀನಿ..."

"ಯಾವ ಕೈ ಅಂದೆ!"

ಬಲಗೈಯನ್ನು ಹೊಸ್ತಿಲ ಮೇಲೆ ಚಾಚಿಸಿ, ಮಣಿಕಟ್ಟನ್ನು ತುಳಿದು ನಿಂತು, ಶಟರಿಗೆ ಜೋತುಬಿದ್ದು ಕೆಳಗೆಳೆದ. ಮತ್ತೆ ಎತ್ತಿದ. ಎರಡನೆಯ ಸಲ ಎಳೆಯುವಷ್ಟರಲ್ಲಿ ಅತ್ತಿಗೆ ಅಂಗಡಿಯ ಮೇಲಿನ ಮನೆಯಿಂದ ಓಡಿಬಂದು, ಕೈಗೆ ಸಿಕ್ಕ ಕಬ್ಬಿಣದ ಪೆಡಲಿನಿಂದ ಗಂಡನ ಭುಜಕ್ಕೆ ಅಪ್ಪಳಿಸಿದಳು. ಇಲ್ಲದಿದ್ದರೆ ಕೈಯೇ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು, ಹೆಬ್ಬೆರಳು ಮಡಚದಾಯಿತು.

"ಒಡಹುಟ್ಟಿದವರ ಜಗಳ, ದೂರು ಯಾಕಮ್ಮಾ?" ಎಂದು ನೆಂಟರು ಅತ್ತಿಗೆಗೆ ಬುದ್ಧಿ ಹೇಳಿದರು. ಆಕೆ ಆಸ್ಪತ್ರೆಗೆ ಬಂದಿದ್ದ ಪೊಲೀಸರ ಕಡೆ ತಿರುಗಿ, "ಬರ್ಕೊಳ್ಳಿ ಸಾರ್. ಅವನಿಗೆ ಅಣ್ಣ, ನನಗೆ ಗಂಡ. ನಾನೇ ಕಣ್ಣಾರೆ ನೋಡಿದ್ದೀನಿ" ಎಂದಳು.

ಜಾಮೀನು ಸಿಕ್ಕಿದ ಮೂರನೆಯ ದಿನವೇ ಅಣ್ಣ ತಮ್ಮನ ಬಾಡಿಗೆ ಕೋಣೆಗೆ ನುಗ್ಗಿದ. ನಾನು ಅಲ್ಲಿಯೇ ಇದ್ದೆ. ಡ್ರಾಯಿಂಗ್ ಪುಸ್ತಕಗಳನ್ನು ಒಂದೊಂದಾಗಿ ಹರಿದು ತುಳಿಯತೊಡಗಿದ. "ಇನ್ನು ಹೇಗೆ ಬರೀತೀಯೋ ನೋಡ್ತೀನಿ, ಮೊಂಡುಗೈಯವನೇ!" ಬೇಡವೆಂದು ತಡೆಯಹೋದ ನನ್ನನ್ನು ಗೋಡೆಗೆ ನೂಕಿದ. ಗೆರೆಯಪ್ಪ ಎದ್ದು, ತುಂಬಿದ ಬಣ್ಣದ ಡಬ್ಬಿಯನ್ನು ಬೀಸಿ ಅಣ್ಣನ ಹಣೆ ಒಡೆದ. ಆ ಹಣೆಗೆ ನನ್ನ ಪಂಚೆಯ ಅಂಚನ್ನೇ ಹರಿದು ಕಟ್ಟಿ ಕಳುಹಿಸಿದೆ.

ಹೊಡೆಯುವುದು ತಪ್ಪೆಂದು ಜೀವಮಾನವಿಡೀ ಪಾಠ ಹೇಳಿದವನು ನಾನು. ಇಂದೂ ಅದನ್ನೇ ಹೇಳುತ್ತೇನೆ. ಆದರೆ ಡಬ್ಬಿ ಬೀಸಿದ್ದು ಎಡಗೈ, ಗುರಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮರುದಿನ ನಾಲ್ಕು ಗೆರೆಯ ಕಾಪಿ ಪುಸ್ತಕವೊಂದನ್ನು ಒಯ್ದು ಅವನ ಮುಂದಿಟ್ಟೆ.

"ಒಂದನೇ ಕ್ಲಾಸಿಗೆ ಹಾಕ್ತೀರಾ ಮೇಷ್ಟ್ರೇ?"

"ಫೇಲಾದರೆ ಅಲ್ಲೇ ಕೂರಿಸ್ತೀನಿ. ಎಡಗೈಯಲ್ಲಿ ಹಿಡಿ."

ಹನ್ನೊಂದು ಪುಸ್ತಕ ಮುಗಿದವು. ಸಿಟ್ಟಿನಲ್ಲಿ ಮೂರನ್ನು ಅವನೇ ಹರಿದು ಹಾಕಿದ.

ಅಣ್ಣ ಈಗ ಸೆರೆಮನೆಯಲ್ಲಿದ್ದಾನೆ. ಸೈಕಲ್ ಅಂಗಡಿ ಅತ್ತಿಗೆಯದು. ಗೆರೆಯಪ್ಪ ಎಡಗೈಯಲ್ಲಿ ಬೋರ್ಡು ಬರೆದು ಬದುಕುತ್ತಾನೆ. ಕೆಲಸ ನಿಧಾನ, ಗೆರೆ ತುಸು ನಡುಗುತ್ತದೆ. ಬೇಕೆನ್ನುವವರು ಕಾಯುತ್ತಾರೆ. ಈ ವಾರ ಮೆರವಣಿಗೆಯೊಂದಕ್ಕಾಗಿ ಹನ್ನೆರಡು ಮೊಳದ ಬಟ್ಟೆಯ ಮೇಲೆ ಬಾವುಟ ಬರೆಯುತ್ತಿದ್ದಾನೆ. ಬಟ್ಟೆ ಕೋಣೆಯಲ್ಲಿ ಹಿಡಿಸದೆ ಮೊಗಸಾಲೆಗೂ ಹರಡಿದೆ. ಅದರ ಇನ್ನೊಂದು ತುದಿಯನ್ನು ಎಳೆದು ಹಿಡಿಯುವವನು ಅವನೊಡನೆ ಬಾಳುತ್ತಿರುವ ಬಸ್ ಕಂಡಕ್ಟರ್. ನಿನ್ನೆ ನಾನು ಹೋದಾಗ ಹಸಿರು ಪಟ್ಟೆ ಅರ್ಧಕ್ಕೆ ಬಂದಿತ್ತು. ನನ್ನನ್ನು ಕಂಡು ಕುರ್ಚಿ ತರಲು ಬಟ್ಟೆ ತುಳಿದುಕೊಂಡೇ ಹೊರಟ ಕಂಡಕ್ಟರನ ಮೇಲೆ ಗೆರೆಯಪ್ಪ ಹರಿಹಾಯ್ದ:

"ಲೋ, ಹಳದಿ ಇನ್ನೂ ಆರಿಲ್ಲ ಕಣೋ! ಟಿಕೆಟ್ ಇಲ್ದೆ ಹತ್ತಿದ್ದೀಯಲ್ಲ, ಇಳಿ ಕೆಳಗೆ!"